ಯಂತ್ರನಿದಾನ

ರೋಗವನ್ನು ಅರಿಯುವುದಕ್ಕೆ ಆಯುರ್ವೇದವು ಐದು ಸಾಧನಗಳನ್ನು ಹೇಳುತ್ತದೆ: ನಿದಾನ, ಪೂರ್ವರೂಪ, ರೂಪ, ಉಪಶಯ ಮತ್ತು ಸಂಪ್ರಾಪ್ತಿ. ರೋಗದ ಕಾರಣವೇ ನಿದಾನ. ರೋಗವು ಮೈದೋರಿದ ಮೇಲೆ ಕಾಣುವ ಲಕ್ಷಣ ರೂಪ. ಔಷಧ ಪಥ್ಯಗಳನ್ನು ಕೊಟ್ಟು ನೋಡಿ ತಿಳಿಯುವುದು ಉಪಶಯ. ದೇಹದೊಳಗೆ ರೋಗವು ಹುಟ್ಟಿ ಬೆಳೆದುಬಂದ ಕ್ರಮವೇ ಸಂಪ್ರಾಪ್ತಿ. ಇವುಗಳ ನಡುವೆ ಪೂರ್ವರೂಪಕ್ಕೆ ಒಂದು ವಿಶೇಷವುಂಟು. ರೋಗವು ಇನ್ನೂ ಪ್ರಕಟವಾಗಿರುವುದಿಲ್ಲ; ಆದರೆ ಅದು ಬರಲಿದೆಯೆಂದು ಸೂಚಿಸುವ ಮಂದವಾದ ಕುರುಹುಗಳು ಮಾತ್ರ ತೋರುತ್ತವೆ. ಜ್ವರಕ್ಕೆ ಮೊದಲು ಮೈ ಭಾರವಾಗುವುದು, ಆಕಳಿಕೆ ಬರುವುದು, ಅನ್ನ ರುಚಿಸದಿರುವುದು ಇಂಥ ಕುರುಹುಗಳು. ಇವನ್ನು ಗುರುತಿಸಬಲ್ಲ ವೈದ್ಯನಿಗೆ ಚಿಕಿತ್ಸೆ ಸುಲಭ, ರೋಗಿಗೆ ಕ್ಲೇಶ ಅಲ್ಪ.

ಯಂತ್ರಗಳಿಗೂ ಇಂಥ ಪೂರ್ವರೂಪವುಂಟೆಂಬುದು, ಅದನ್ನು ಮತ್ತೊಂದು ಯಂತ್ರವೇ ಕಂಡುಹಿಡಿದು ಮನುಷ್ಯನಿಗೆ ತಿಳಿಸಬಲ್ಲದೆಂಬುದು ಈ ಯುಗದ ವಿಜ್ಞಾನವು ಸಾಧಿಸಿರುವ ಮಹತ್ವದ ಸಂಗತಿಗಳಲ್ಲಿ ಒಂದು. ನೆಲದ ಮೇಲೆ ಓಡುವ ವಾಹನ ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ನಿಲ್ಲಿಸುವ ಎಡೆಯಿಲ್ಲ. ಆದುದರಿಂದ ಯಂತ್ರನಿದಾನದ ಈ ವಿದ್ಯೆ ವಿಮಾನಗಳ ವಿಷಯದಲ್ಲಿ ವಿಶೇಷವಾಗಿ ಬೆಳೆದಿದೆ. ಅದರ ಸ್ವರೂಪವನ್ನೂ, ಬಲವನ್ನೂ, ಮಿತಿಯನ್ನೂ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಅವಧಿಯ ಪದ್ಧತಿ

ವಿಮಾನಯಾನದ ಆರಂಭದ ದಶಕಗಳಲ್ಲಿ ಯಂತ್ರಗಳನ್ನು ಕಾಪಾಡುವ ಕ್ರಮ ಸರಳವಾಗಿದ್ದಿತು. ಪ್ರತಿಯೊಂದು ಭಾಗಕ್ಕೂ ಇಷ್ಟು ಗಂಟೆಗಳ ಹಾರಾಟವೆಂದು ಆಯುಸ್ಸನ್ನು ಗೊತ್ತುಮಾಡುತ್ತಿದ್ದರು. ಆ ಅವಧಿ ತುಂಬಿದೊಡನೆ, ಭಾಗವು ಚೆನ್ನಾಗಿದ್ದರೂ ಸರಿ, ಅದನ್ನು ಬಿಚ್ಚಿ, ತೊಳೆದು, ಸವೆದುದನ್ನು ಬದಲಾಯಿಸಿ ಮತ್ತೆ ಜೋಡಿಸುತ್ತಿದ್ದರು. ಹಳೆಯದಾದಷ್ಟೂ ಯಂತ್ರ ಕೆಡುವ ಸಂಭವ ಹೆಚ್ಚು ಎಂಬ ನಂಬಿಕೆಯೇ ಇದರ ಆಧಾರ. ನೋಡಿದ ಮಾತ್ರಕ್ಕೆ ಇದು ನಿರ್ವಿವಾದವೆಂದು ತೋರುತ್ತದೆ.

ಆದರೆ ಅಂಕಿ ಅಂಶಗಳು ಬೇರೆಯೇ ಕಥೆಯನ್ನು ಹೇಳಿದವು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ಸ್ಟಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ಎಂಬ ಇಬ್ಬರು ಎಂಜಿನಿಯರುಗಳು ೧೯೭೮ರಲ್ಲಿ ತಮ್ಮ ದೇಶದ ರಕ್ಷಣಾ ಇಲಾಖೆಗಾಗಿ ಒಂದು ಪ್ರಸಿದ್ಧ ವರದಿಯನ್ನು ಸಿದ್ಧಪಡಿಸಿದರು. ಅವರು ಪರಿಶೀಲಿಸಿದ ವಿಮಾನಭಾಗಗಳಲ್ಲಿ ನೂರಕ್ಕೆ ೧೧ರಷ್ಟು ಮಾತ್ರ ವಯಸ್ಸಾದಂತೆ ಕೆಡುವ ಸ್ವಭಾವದವು. ಉಳಿದ ೮೯ರಷ್ಟು ಭಾಗಗಳಿಗೆ ಅವಧಿಯನ್ನು ಗೊತ್ತುಮಾಡುವುದರಿಂದ ಪ್ರಯೋಜನವಿರಲಿಲ್ಲ. ಇನ್ನೂ ಅಚ್ಚರಿಯೆಂದರೆ, ನೂರಕ್ಕೆ ೬೮ರಷ್ಟು ಭಾಗಗಳು ಹೊಸದಾಗಿ ಜೋಡಿಸಿದ ಮೊದಲ ದಿನಗಳಲ್ಲಿಯೇ ಹೆಚ್ಚಾಗಿ ಕೆಡುತ್ತಿದ್ದು, ಅನಂತರ ಒಂದೇ ಹದದಲ್ಲಿ ನಡೆಯುತ್ತಿದ್ದವು. ಅಂಥ ಭಾಗವನ್ನು ಅವಧಿ ಮುಗಿಯಿತೆಂದು ಬಿಚ್ಚಿ ಜೋಡಿಸಿದರೆ ಅದಕ್ಕೆ ಬಾಲಾರಿಷ್ಟವನ್ನು ಮತ್ತೊಮ್ಮೆ ತಂದಂತೆಯೇ ಆಯಿತು. ಆರೋಗ್ಯವಾಗಿರುವವನಿಗೆ ಶಸ್ತ್ರಚಿಕಿತ್ಸೆ ಮಾಡಿದಂತೆ, ರಕ್ಷಣೆಯ ಕ್ರಮವೇ ಅಪಾಯದ ಕಾರಣವಾಗುತ್ತಿದ್ದಿತು.

ಈ ವಿವೇಚನೆಯ ಪರಿಣಾಮ ದೊಡ್ಡದು. ಡಿಸಿ-೮ ಎಂಬ ಹಳೆಯ ವಿಮಾನದಲ್ಲಿ ೩೩೯ ಭಾಗಗಳನ್ನು ಅವಧಿಗೆ ಅನುಸಾರವಾಗಿ ಬಿಚ್ಚಿ ಜೋಡಿಸಬೇಕೆಂಬ ನಿಯಮವಿದ್ದಿತು. ಹೊಸ ವಿಚಾರಧಾರೆಯಂತೆ ನಿಯಮಗಳನ್ನು ರೂಪಿಸಿದ ಡಿಸಿ-೧೦ ವಿಮಾನದಲ್ಲಿ ಅಂಥ ಭಾಗಗಳು ೭ ಮಾತ್ರ. ಉಳಿದವುಗಳ ವಿಷಯದಲ್ಲಿ ಮುಖ್ಯ ಪ್ರಶ್ನೆ 'ಎಷ್ಟು ಗಂಟೆ ಹಾರಿತು' ಎಂಬುದಲ್ಲ, 'ಈಗ ಹೇಗಿದೆ' ಎಂಬುದು. ಯಂತ್ರದ ಸ್ಥಿತಿಯನ್ನು ನೋಡಿ ಚಿಕಿತ್ಸೆಯನ್ನು ನಿರ್ಣಯಿಸುವ ಈ ಕ್ರಮವನ್ನು ಸ್ಥಿತ್ಯನುಸಾರಿ ನಿರ್ವಹಣೆ ಎನ್ನಬಹುದು. ಆದರೆ ಸ್ಥಿತಿಯನ್ನು ನೋಡುವುದು ಹೇಗೆ? ಒಳಗಿನ ಹಲ್ಲುಚಕ್ರವನ್ನು ನೋಡಲು ಪೆಟ್ಟಿಗೆಯನ್ನು ಬಿಚ್ಚಬೇಕು. ಬಿಚ್ಚುವುದೇ ಬೇಡವೆಂಬುದು ಈ ಪದ್ಧತಿಯ ಆಶಯ. ಆದುದರಿಂದ ಹೊರಗಿನ ಕುರುಹುಗಳಿಂದ ಒಳಗಿನ ದೋಷವನ್ನು ಅನುಮಾನಿಸುವ ವಿದ್ಯೆ ಅನಿವಾರ್ಯವಾಯಿತು.

ಮೂರು ಬಗೆಯ ಕುರುಹುಗಳು

ಮೊದಲನೆಯ ಕುರುಹು ಎಣ್ಣೆಯಲ್ಲಿದೆ. ವೈದ್ಯನು ರಕ್ತವನ್ನು ಪರೀಕ್ಷಿಸುವಂತೆ ಎಂಜಿನಿಯರನು ಯಂತ್ರದ ಎಣ್ಣೆಯನ್ನು ಪರೀಕ್ಷಿಸುತ್ತಾನೆ. ಒಂದರ ಮೇಲೊಂದು ಉಜ್ಜುವ ಲೋಹಗಳು ಕಣ್ಣಿಗೆ ಕಾಣದ ಕಣಗಳನ್ನು ಎಣ್ಣೆಗೆ ಬಿಡುತ್ತವೆ. ಆ ಎಣ್ಣೆಯ ಮಾದರಿಯನ್ನು ಉರಿಸಿ, ಹೊಮ್ಮುವ ಬೆಳಕನ್ನು ಬಣ್ಣಗಳಾಗಿ ಒಡೆದು ನೋಡಿದರೆ ಯಾವ ಲೋಹ ಎಷ್ಟಿದೆಯೆಂದು ತಿಳಿಯುತ್ತದೆ. ಕಬ್ಬಿಣ ಹೆಚ್ಚಿದರೆ ಹಲ್ಲುಚಕ್ರವೋ ಬೇರಿಂಗೋ ಸವೆಯುತ್ತಿದೆ. ಸಿಲಿಕಾನ್ ಹೆಚ್ಚಿದರೆ ಹೊರಗಿನ ಧೂಳು ಒಳಹೊಕ್ಕಿದೆ. ಆದರೆ ಈ ಪರೀಕ್ಷೆ ಬಹು ಸೂಕ್ಷ್ಮವಾದ ಕಣಗಳನ್ನು ಮಾತ್ರ ಹಿಡಿಯಬಲ್ಲದು. ದೊಡ್ಡ ಚೂರುಗಳನ್ನು ಹಿಡಿಯಲು ಎಣ್ಣೆ ಹರಿಯುವ ದಾರಿಯಲ್ಲಿ ಅಯಸ್ಕಾಂತದ ಬಿರಡೆಯನ್ನು ಇಡುತ್ತಾರೆ. ಉಕ್ಕಿನ ಚೂರು ಬಂದು ಅದಕ್ಕೆ ಅಂಟಿದಾಗ ವಿದ್ಯುತ್ತಿನ ದಾರಿ ಕೂಡಿಕೊಂಡು ಎಚ್ಚರಿಕೆಯ ದೀಪ ಹೊತ್ತುವಂತೆಯೂ ಏರ್ಪಡಿಸಬಹುದು.

ಎರಡನೆಯದು ಉಷ್ಣ ಮತ್ತು ಒತ್ತಡ. ಜೆಟ್ ಎಂಜಿನು ಒಳಗೆ ಸವೆದಂತೆ, ಮೊದಲಿನಷ್ಟೇ ನೂಕುಬಲವನ್ನು ಕೊಡಲು ಹೆಚ್ಚು ಇಂಧನವನ್ನು ಉರಿಸುತ್ತದೆ. ಹಿಂದಿನಿಂದ ಹೊರಬೀಳುವ ಅನಿಲದ ಬಿಸಿ ಏರುತ್ತ ಹೋಗುತ್ತದೆ. ಒಂದು ದಿನದ ಅಳತೆಯಿಂದ ಏನೂ ತಿಳಿಯದು. ತಿಂಗಳುಗಳ ಅಳತೆಗಳನ್ನು ಸಾಲಾಗಿ ಇಟ್ಟು ನೋಡಿದಾಗ ಏರಿಕೆಯ ಗತಿ ಸ್ಪಷ್ಟವಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಸ್ವಾರಸ್ಯವಾದುದು, ಕಂಪನ. ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವ ಹೆಂಗಸು ಬೆರಳಿನಿಂದ ಅದನ್ನು ಬಾರಿಸಿ ಕಿವಿಗೊಡುತ್ತಾಳೆ. ಗಟ್ಟಿಯಾದ ಗಡಿಗೆ 'ಠಣ್' ಎನ್ನುತ್ತದೆ. ಸೀಳಿದ ಗಡಿಗೆಯ ದನಿ ಮೊಂಡಾಗಿರುತ್ತದೆ. ರೈಲ್ವೆ ನಿಲ್ದಾಣಗಳಲ್ಲಿ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸುತ್ತಿದ್ದ ಕೆಲಸಗಾರರೂ ಇದೇ ವಿದ್ಯೆಯನ್ನು ಬಲ್ಲವರು. ವಿಮಾನದ ಯಂತ್ರದಲ್ಲಿ ಈ ಕಿವಿಯ ಸ್ಥಾನವನ್ನು ಸಂವೇದಕವೆಂಬ ಪುಟ್ಟ ಉಪಕರಣ ವಹಿಸಿಕೊಂಡಿದೆ. ವಿವೇಚಿಸುವ ಕೆಲಸವನ್ನು ಗಣಕಯಂತ್ರ ವಹಿಸಿಕೊಂಡಿದೆ.

ಗದ್ದಲದೊಳಗಿನ ಒಂದು ದನಿ

ಹತ್ತಾರು ಹಲ್ಲುಚಕ್ರಗಳು ಒಟ್ಟಿಗೆ ಮೊರೆಯುವಾಗ ಒಂದು ಹಲ್ಲಿನ ಬಿರುಕನ್ನು ಕೇಳುವುದು ಹೇಗೆಂಬುದು ಸಹಜವಾದ ಸಂದೇಹ. ಉದಾಹರಣೆಗೆ, ೪೦ ಹಲ್ಲುಗಳ ಒಂದು ಚಕ್ರ ಸೆಕೆಂಡಿಗೆ ೫೦ ಸಾರಿ ಸುತ್ತುತ್ತಿದೆಯೆನ್ನೋಣ. ಹಲ್ಲಿಗೆ ಹಲ್ಲು ಕೂಡುವ ಸಂಖ್ಯೆ ಸೆಕೆಂಡಿಗೆ ೪೦ × ೫೦, ಎಂದರೆ ೨,೦೦೦. ಆ ಚಕ್ರದ ಸ್ವರ ಅದೇ. ಎಲ್ಲ ಹಲ್ಲುಗಳೂ ಸಮವಾಗಿದ್ದರೆ ಸ್ವರವು ಶುದ್ಧವಾಗಿರುತ್ತದೆ. ಒಂದು ಹಲ್ಲಿನ ಬುಡದಲ್ಲಿ ಬಿರುಕು ಬಿಟ್ಟರೆ ಸುತ್ತಿಗೊಮ್ಮೆ, ಎಂದರೆ ಸೆಕೆಂಡಿಗೆ ೫೦ ಸಾರಿ, ಆ ಸ್ವರ ಕದಲುತ್ತದೆ. ಆಗ ೨,೦೦೦ದ ಇಕ್ಕೆಲಗಳಲ್ಲಿ ೧,೯೫೦ ಮತ್ತು ೨,೦೫೦ ಎಂಬ ಎರಡು ಉಪಸ್ವರಗಳು ತಲೆಯೆತ್ತುತ್ತವೆ. ಬೇರೆ ಚಕ್ರಗಳಿಗೆ ಬೇರೆ ಹಲ್ಲುಗಳ ಎಣಿಕೆ, ಬೇರೆ ವೇಗ. ಆದುದರಿಂದ ಸ್ವರಗಳೂ ಬೇರೆ. ಯಾವ ಉಪಸ್ವರ ಹುಟ್ಟಿತೆಂಬುದರಿಂದ ಯಾವ ಚಕ್ರದಲ್ಲಿ ದೋಷವಿದೆಯೆಂದು ತಿಳಿಯಬಹುದು.

ಬೆರೆತ ದನಿಯನ್ನು ಬಿಡಿಸ್ವರಗಳಾಗಿ ವಿಂಗಡಿಸುವ ಗಣಿತಕ್ಕೆ ಫ್ರಾನ್ಸಿನ ಫೂರಿಯೆ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ತಳಹದಿ ಹಾಕಿದ್ದನು. ಅವನ ಚಿಂತನೆಯ ವಿಷಯ ಉಷ್ಣದ ಹರಿವು. ೧೮೨೨ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ೧೯೬೫ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬವರು ಆ ಲೆಕ್ಕವನ್ನು ಗಣಕಯಂತ್ರವು ಶೀಘ್ರವಾಗಿ ಮಾಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಈ ವಿದ್ಯೆ ಕಾರ್ಯಾಗಾರಕ್ಕೆ ಇಳಿದುಬಂದಿತು. ಮತ್ತೊಂದು ಉಪಾಯವೂ ಉಂಟು. ಒಂದು ಚಕ್ರದ ನೂರು ಸುತ್ತುಗಳ ಕಂಪನವನ್ನು ಸುತ್ತಿಗೆ ಸುತ್ತು ಹೊಂದಿಸಿ ಸರಾಸರಿ ತೆಗೆದರೆ, ಆ ಚಕ್ರಕ್ಕೆ ಸೇರಿದ ಕಂಪನ ಹಾಗೆಯೇ ಉಳಿಯುತ್ತದೆ. ಗೊತ್ತುಗುರಿಯಿಲ್ಲದ ಹೊರಗಿನ ಗದ್ದಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೆಲಿಕಾಪ್ಟರಿನ ಪರೀಕ್ಷೆ

ಈ ವಿದ್ಯೆಯ ಅಗತ್ಯ ಅತ್ಯಂತ ತೀವ್ರವಾಗಿ ಕಂಡುಬಂದುದು ಹೆಲಿಕಾಪ್ಟರುಗಳಲ್ಲಿ. ವಿಮಾನದ ಒಂದು ಎಂಜಿನು ನಿಂತರೆ ಇನ್ನೊಂದುಂಟು. ಹೆಲಿಕಾಪ್ಟರಿಗೂ ಎರಡು ಎಂಜಿನುಗಳಿರಬಹುದು. ಆದರೆ ಅವೆರಡರ ಶಕ್ತಿಯನ್ನೂ ತಿರುಗುರೆಕ್ಕೆಗೆ ಸಾಗಿಸುವ ಗೇರ್ ಪೆಟ್ಟಿಗೆಯೊಳಗೆ ಅನೇಕ ಭಾಗಗಳಿಗೆ ಬದಲಿಯೇ ಇಲ್ಲ. ಸೂಪರ್ ಪ್ಯೂಮಾ ಎಂಬ ಹೆಲಿಕಾಪ್ಟರಿನಲ್ಲಿ ಎಂಜಿನಿನ ದಂಡವು ನಿಮಿಷಕ್ಕೆ ಸುಮಾರು ೨೩,೦೦೦ ಸುತ್ತು ಸುತ್ತಿದರೆ ತಿರುಗುರೆಕ್ಕೆಯು ಸುಮಾರು ೨೬೫ ಸುತ್ತು ಸುತ್ತುತ್ತದೆ. ಇಷ್ಟು ವೇಗವನ್ನು ತಗ್ಗಿಸುವ ಭಾರವೆಲ್ಲವೂ ಆ ಒಂದು ಪೆಟ್ಟಿಗೆಯ ಮೇಲೆ.

೧೯೮೬ರ ನವೆಂಬರ್ ೬ರಂದು ಬ್ರಿಟನ್ನಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪದ ಬಳಿ, ಸಮುದ್ರದ ತೈಲಕ್ಷೇತ್ರದಿಂದ ಕೆಲಸಗಾರರನ್ನು ಕರೆತರುತ್ತಿದ್ದ ಚಿನೂಕ್ ಹೆಲಿಕಾಪ್ಟರು ನೀರಿಗೆ ಬಿದ್ದು ೪೫ ಜನ ಮಡಿದರು. ಬದುಕಿ ಉಳಿದವರು ಇಬ್ಬರೇ. ಅದರ ಮುಂದಿನ ಗೇರ್ ಪೆಟ್ಟಿಗೆಯ ಒಂದು ಹಲ್ಲುಚಕ್ರ ಮುರಿದು, ಎರಡು ತಿರುಗುರೆಕ್ಕೆಗಳು ತಾಳತಪ್ಪಿ ಒಂದಕ್ಕೊಂದು ಬಡಿದಿದ್ದವು. ಕಂಪನವನ್ನೂ ಬಳಕೆಯನ್ನೂ ಸತತವಾಗಿ ದಾಖಲಿಸುವ ವ್ಯವಸ್ಥೆಯನ್ನು ಹೆಲಿಕಾಪ್ಟರಿನೊಳಗೇ ಅಳವಡಿಸಬೇಕೆಂಬ ವಿಚಾರಕ್ಕೆ ಈ ದುರಂತದಿಂದ ಬಲ ಬಂದಿತು. ೧೯೯೧ರಲ್ಲಿ ಉತ್ತರ ಸಮುದ್ರದ ಹೆಲಿಕಾಪ್ಟರುಗಳಲ್ಲಿ ಅದು ಬಳಕೆಗೆ ಬಂದು, ೧೯೯೯ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯಾಣಿಕ ಹೆಲಿಕಾಪ್ಟರುಗಳಿಗೆ ಕಡ್ಡಾಯವಾಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಹಮ್ಸ್' ಎಂದು ಕರೆಯುತ್ತಾರೆ. ಹಾರಾಟ ಮುಗಿದ ಮೇಲೆ ದಾಖಲೆಗಳನ್ನು ನೆಲದ ಗಣಕಯಂತ್ರಕ್ಕೆ ಇಳಿಸುತ್ತಾರೆ. ಪ್ರತಿಯೊಂದು ಚಕ್ರಕ್ಕೂ ಬೇರಿಂಗಿಗೂ ಗೊತ್ತುಮಾಡಿದ ಮೇರೆಯನ್ನು ಕಂಪನ ಮೀರಿದ್ದರೆ ಅದು ತಾನಾಗಿಯೇ ಎಚ್ಚರಿಕೆಯನ್ನು ಕೊಡುತ್ತದೆ.

ಹೊಗೆಯೋ, ಮಂಜೋ?

ಎಚ್ಚರಿಕೆ ಬಂದೊಡನೆ ದೋಷವಿದೆಯೆಂದು ನಿರ್ಣಯಿಸಬಹುದೇ? ತರ್ಕಶಾಸ್ತ್ರವನ್ನು ಓದಿದವರು ಇಲ್ಲಿ ಸ್ವಲ್ಪ ತಡೆಯುತ್ತಾರೆ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು, ನಿಜ. ಆದರೆ ಕಂಡದ್ದು ಹೊಗೆಯೇ ಆಗಿರಬೇಕು. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುತ್ತದೆ. ಸಂವೇದಕದ ತಂತಿ ಸಡಿಲವಾಗಿದ್ದರೂ ಕಂಪನ ಹೆಚ್ಚಿದಂತೆ ತೋರಬಹುದು.

ಒಂದು ಲೆಕ್ಕವನ್ನು ಕಲ್ಪಿಸಿಕೊಂಡರೆ ಇದರ ತೊಡಕು ತಿಳಿಯುತ್ತದೆ. ಹತ್ತು ಸಾವಿರ ತಪಾಸಣೆಗಳಲ್ಲಿ ಒಮ್ಮೆ ಮಾತ್ರ ನಿಜವಾದ ದೋಷವಿರುತ್ತದೆಯೆನ್ನೋಣ. ಉಪಕರಣವು ನಿಜವಾದ ದೋಷವನ್ನು ಎಂದಿಗೂ ತಪ್ಪಿಸುವುದಿಲ್ಲ; ಆದರೆ ದೋಷವಿಲ್ಲದೆಡೆ ನೂರಕ್ಕೊಂದು ಸಾರಿ ಸುಳ್ಳೆಚ್ಚರಿಕೆಯನ್ನು ಕೊಡುತ್ತದೆ. ಆಗ ಹತ್ತು ಸಾವಿರ ತಪಾಸಣೆಗಳಿಂದ ಸುಮಾರು ೧೦೧ ಎಚ್ಚರಿಕೆಗಳು ಬರುತ್ತವೆ. ಅವುಗಳಲ್ಲಿ ನಿಜವಾದುದು ಒಂದೇ ಒಂದು. ನೂರು ಸಾರಿ 'ಹುಲಿ ಬಂತು' ಎಂಬ ಸುಳ್ಳು ಕೂಗನ್ನು ಕೇಳಿದವನು ನೂರೊಂದನೆಯ ಸಾರಿ ಮನೆಯಿಂದ ಹೊರಬರುವನೇ? ಮೇರೆಯನ್ನು ಸಡಿಲಿಸಿದರೆ ಸುಳ್ಳು ಕೂಗು ಕಡಿಮೆಯಾಗುತ್ತದೆ, ನಿಜವಾದ ಹುಲಿಯೂ ತಪ್ಪಿಸಿಕೊಳ್ಳಬಹುದು. ಬಿಗಿಮಾಡಿದರೆ ಹುಲಿ ತಪ್ಪದು, ಕೇಳುವವರ ಕಿವಿ ಮರಗಟ್ಟುತ್ತದೆ. ಈ ಎರಡರ ನಡುವಣ ಹದವನ್ನು ಕಂಡುಕೊಳ್ಳುವುದೇ ಈ ವಿದ್ಯೆಯ ತಿರುಳು. ಕಲಿಯಬಲ್ಲ ಗಣಕಯಂತ್ರಗಳಿಗೆ ನೂರಾರು ಹೆಲಿಕಾಪ್ಟರುಗಳ ದಾಖಲೆಗಳನ್ನು ಕೊಟ್ಟು 'ಸಹಜ'ವೆಂದರೇನೆಂದು ಅವುಗಳಿಗೆ ಅಭ್ಯಾಸ ಮಾಡಿಸುವ ಪ್ರಯತ್ನಗಳು ನಡೆದಿರುವುದು ಈ ಹದಕ್ಕಾಗಿಯೇ.

ಒಂದು ಚೂರು ಉಕ್ಕು

ಕುರುಹು ಕಂಡರೂ ಅದರ ಅರ್ಥ ಕೈತಪ್ಪಿಹೋದ ಪ್ರಸಂಗ ೨೦೦೯ರಲ್ಲಿ ನಡೆಯಿತು. ಆ ವರ್ಷದ ಏಪ್ರಿಲ್ ೧ರಂದು ಸ್ಕಾಟ್ಲೆಂಡಿನ ಪೀಟರ್‌ಹೆಡ್ ಊರಿನ ಆಚೆಯ ಸಮುದ್ರದಲ್ಲಿ ಸೂಪರ್ ಪ್ಯೂಮಾ ಹೆಲಿಕಾಪ್ಟರೊಂದು ಬಿದ್ದು, ಅದರಲ್ಲಿದ್ದ ೧೬ ಜನರೂ ಮಡಿದರು. ಆ ಗೇರ್ ಪೆಟ್ಟಿಗೆಯಲ್ಲಿ ನಡುವಣ ಚಕ್ರವನ್ನು ಸೂರ್ಯಚಕ್ರವೆಂದೂ, ಅದನ್ನು ಸುತ್ತುವ ಚಕ್ರಗಳನ್ನು ಗ್ರಹಚಕ್ರಗಳೆಂದೂ ಕರೆಯುತ್ತಾರೆ. ಎರಡನೆಯ ಹಂತದ ಒಂದು ಗ್ರಹಚಕ್ರ, ಲೋಹದ ದಣಿವಿನಿಂದ ಬಿರುಕು ಬಿಟ್ಟು, ಆಕಾಶದಲ್ಲಿಯೇ ಒಡೆದಿದ್ದಿತು.

ಬ್ರಿಟನ್ನಿನ ವಿಮಾನಾಪಘಾತ ತನಿಖಾ ಶಾಖೆಯು ೨೦೧೧ರಲ್ಲಿ ಪ್ರಕಟಿಸಿದ ವರದಿ ಮನನಯೋಗ್ಯವಾದುದು. ದುರಂತಕ್ಕೆ ಒಂದು ವಾರ ಮೊದಲು, ಮಾರ್ಚ್ ೨೫ರಂದು, ಅಯಸ್ಕಾಂತದ ಬಿರಡೆಯ ಮೇಲೆ ಒಂದು ಲೋಹದ ಚೂರು ಕಂಡುಬಂದಿದ್ದಿತು. ಗ್ರಹಚಕ್ರವು ಕೊಟ್ಟ ಏಕೈಕ ಪೂರ್ವರೂಪ ಅದು. ಉಪಕರಣ ತನ್ನ ಕೆಲಸವನ್ನು ಮಾಡಿತು. ಕೆಲಸಗಾರರ ಕಣ್ಣಿಗೂ ಚೂರು ಬಿದ್ದಿತು. ಅವರು ತಯಾರಕರೊಡನೆ ವಿಚಾರಿಸಿದರು ಕೂಡ. ಆದರೆ ದೂರವಾಣಿಯ ಮಾತು ಮತ್ತು ಗಣಕಯಂತ್ರದ ಮೂಲಕ ಕಳುಹಿಸಿದ ಪತ್ರಗಳ ನಡುವೆ ಒಬ್ಬರ ಅಭಿಪ್ರಾಯ ಮತ್ತೊಬ್ಬರಿಗೆ ಸರಿಯಾಗಿ ಮುಟ್ಟಲಿಲ್ಲ. ಆ ಚೂರು ಗ್ರಹಚಕ್ರದ ಕ್ಷಯವನ್ನು ಸೂಚಿಸುವುದೆಂದು ಯಾರೂ ಗುರುತಿಸಲಿಲ್ಲ. ಇದರ ಮೇಲೆ ಇನ್ನೊಂದು ವಿಪರ್ಯಾಸ: ಚೂರುಗಳು ಕೆಳಗಿನ ಭಾಗಗಳಿಗೆ ಇಳಿದು ಹಾನಿಮಾಡದಿರಲೆಂದು ಪೆಟ್ಟಿಗೆಯ ನಡುವೆ ಅಯಸ್ಕಾಂತಗಳ ಬಳೆಯೊಂದನ್ನು ಇಟ್ಟಿದ್ದರು. ರಕ್ಷಣೆಗೆಂದು ಇಟ್ಟ ಆ ಬಳೆಯೇ ಚೂರುಗಳನ್ನು ಹಿಡಿದಿಟ್ಟುಕೊಂಡು, ಅವು ಎಚ್ಚರಿಕೆಯ ಬಿರಡೆಗೆ ತಲುಪುವ ಸಂಭವವನ್ನು ಕುಗ್ಗಿಸಿದ್ದಿತು. ದುರಂತದ ಅನಂತರ ಆ ಬಳೆಗಳನ್ನು ತೆಗೆಸಲಾಯಿತು.

ಹೊಗೆಯಿಲ್ಲದ ಬೆಂಕಿ

ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂಬ ನಿಯಮವಿಲ್ಲ. ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡೇ ಇದಕ್ಕೆ ತಾರ್ಕಿಕರು ಕೊಡುವ ದೃಷ್ಟಾಂತ. ೨೦೧೬ರ ಏಪ್ರಿಲ್ ೨೯ರಂದು ನಾರ್ವೆ ದೇಶದ ಬೆರ್ಗೆನ್ ನಗರದ ಸಮೀಪ ಅದೇ ಸೂಪರ್ ಪ್ಯೂಮಾ ವಂಶದ ಇನ್ನೊಂದು ಹೆಲಿಕಾಪ್ಟರಿನ ತಿರುಗುರೆಕ್ಕೆ ಆಕಾಶದಲ್ಲಿಯೇ ಕಳಚಿಹೋಗಿ ೧೩ ಜನ ಮಡಿದರು. ಮತ್ತೆ ಎರಡನೆಯ ಹಂತದ ಗ್ರಹಚಕ್ರವೇ ಒಡೆದಿದ್ದಿತು. ಈ ಬಾರಿ ಬಿರಡೆಯ ಮೇಲೆ ಚೂರು ಕಾಣಲಿಲ್ಲ. ಕಂಪನದ ದಾಖಲೆಯೂ ಮುನ್ಸೂಚನೆಯನ್ನು ಕೊಡಲಿಲ್ಲ.

ತನಿಖೆಯಿಂದ ತಿಳಿದುಬಂದ ಕಾರಣ ಹೀಗಿದೆ. ಬೇರಿಂಗಿನ ಮೇಲ್ಮೈಯ ಒಂದು ಸೂಕ್ಷ್ಮ ಕುಳಿಯಿಂದ ಹೊರಟ ಬಿರುಕು, ಮೇಲ್ಮೈಯಿಂದ ಹಕ್ಕಳೆಗಳನ್ನು ಎಬ್ಬಿಸುತ್ತ ಹರಡುವ ಬದಲು, ಲೋಹದ ಒಳಕ್ಕೆ ಇಳಿದು ಚಕ್ರವನ್ನೇ ಸೀಳಿತು. ಹಕ್ಕಳೆ ಏಳದೆ ಚೂರು ಬರದು. ಗ್ರಹಚಕ್ರವೋ ಒಂದೆಡೆ ನಿಲ್ಲದೆ ಸೂರ್ಯಚಕ್ರವನ್ನು ಸುತ್ತುತ್ತಿರುತ್ತದೆ. ಹೊರಕವಚದ ಮೇಲೆ ಕುಳಿತ ಸಂವೇದಕಕ್ಕೆ ಅದರ ದನಿ ಅನೇಕ ಭಾಗಗಳನ್ನು ದಾಟಿ ಕ್ಷೀಣವಾಗಿ ಮುಟ್ಟುತ್ತದೆ. ವಿನ್ಯಾಸಕಾರರು ರೋಗದ ಸಂಪ್ರಾಪ್ತಿಯನ್ನು ಒಂದು ಬಗೆಯಾಗಿ ಊಹಿಸಿ ಅದಕ್ಕೆ ತಕ್ಕ ಕುರುಹುಗಳನ್ನು ಕಾಯುತ್ತಿದ್ದರು. ರೋಗವು ಇನ್ನೊಂದು ದಾರಿಯಲ್ಲಿ ಬಂದಿತು. ಸಂಪ್ರಾಪ್ತಿಯನ್ನು ಅರಿಯದವನಿಗೆ ಪೂರ್ವರೂಪವೂ ಕಾಣದು. ಕುರುಹನ್ನು ಕಾಣುವ ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ರೂಪಿಸಿದವನ ತಿಳಿವಳಿಕೆಯ ಮೇರೆಯೇ ಅದರ ಮೇರೆ.

ಕಾಯಕದ ಕಣ್ಣು

ಹಾಗೆಂದು ಈ ವಿದ್ಯೆಯನ್ನು ಹಗುರವಾಗಿ ಎಣಿಸಬಾರದು. ಮುನ್ಸೂಚನೆ ಸಿಕ್ಕಿ, ಚಕ್ರವನ್ನು ಬದಲಾಯಿಸಿ, ಸುರಕ್ಷಿತವಾಗಿ ಮುಗಿದ ಹಾರಾಟ ಪತ್ರಿಕೆಯ ಸುದ್ದಿಯಾಗುವುದಿಲ್ಲ. ತಪ್ಪಿದ ದುರಂತಕ್ಕೆ ಇತಿಹಾಸವಿಲ್ಲ. ಸೋಲಿನ ಎರಡು ಪ್ರಸಂಗಗಳನ್ನು ಇಲ್ಲಿ ವಿವರಿಸಿದುದು ವಿದ್ಯೆಯ ನಿಂದೆಗಾಗಿಯಲ್ಲ. ಯಂತ್ರದ ಪಾತ್ರವು ಎಲ್ಲಿ ಮುಗಿದು ಮನುಷ್ಯನ ಹೊಣೆ ಎಲ್ಲಿ ಮೊದಲಾಗುತ್ತದೆಯೆಂಬುದನ್ನು ತೋರಿಸುವುದಕ್ಕಾಗಿ.

ಈ ವಿಷಯ ಕನ್ನಡನಾಡಿಗೆ ದೂರದ್ದಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿದ ಧ್ರುವ ಹೆಲಿಕಾಪ್ಟರು ೧೯೯೨ರ ಆಗಸ್ಟಿನಲ್ಲಿ ಮೊದಲು ಹಾರಿತು. ೨೦೨೩ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಅದೇ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣೆಗೊಂಡಿತು. ನಮ್ಮ ಹಳ್ಳಿಗಳ ಶಾಲೆಗಳಲ್ಲಿ ಓದಿದ ಮಕ್ಕಳು ಇಂಥ ಕಾರ್ಯಾಗಾರಗಳಲ್ಲಿ ಅಯಸ್ಕಾಂತದ ಬಿರಡೆಯನ್ನು ಕೈಯಲ್ಲಿ ಹಿಡಿದು ನೋಡುವ ಕಾಲ ಬಂದಿದೆ.

ಅವರಿಗೆ ಬೇಕಾದ ಶಿಕ್ಷಣ ಯಾವುದು? ಗಣಿತ, ಭೌತಶಾಸ್ತ್ರಗಳು ಬೇಕೆಂಬುದು ಸ್ಪಷ್ಟ. ಅವುಗಳೊಡನೆ ಕಂಡದ್ದನ್ನು ಕಂಡಂತೆ ಬರೆದಿಡುವ ಶಿಸ್ತು ಬೇಕು. ಸಂದೇಹ ಬಂದಾಗ ಮೇಲಿನವರಿಗೆ ಅಂಜದೆ 'ಇದನ್ನು ಬಿಚ್ಚಿ ನೋಡೋಣ' ಎನ್ನುವ ಧೈರ್ಯ ಬೇಕು. ತನಗೆ ತಿಳಿದುದನ್ನು ಇನ್ನೊಬ್ಬರ ಮನಸ್ಸಿಗೆ ಸಂಶಯವಿಲ್ಲದಂತೆ ಮುಟ್ಟಿಸುವ ಭಾಷೆಯೂ ಬೇಕು. ೨೦೦೯ರಲ್ಲಿ ಕೊರತೆಯಾದುದು ಉಕ್ಕಿನ ಜ್ಞಾನವೊಂದೇ ಅಲ್ಲ, ಸ್ಪಷ್ಟವಾದ ಮಾತೂ ಹೌದು. ವ್ಯಾಕರಣದ ತರಗತಿಯಲ್ಲಿ ಒಂದು ವಾಕ್ಯವನ್ನು ತಿದ್ದಿ ಬರೆಸುವ ಉಪಾಧ್ಯಾಯರ ಶ್ರಮ ಇಷ್ಟು ದೂರಕ್ಕೆ ಸಲ್ಲುತ್ತದೆ.

ಶರಣರು ಕಾಯಕಕ್ಕೆ ಕೊಟ್ಟ ಗೌರವದ ಮರ್ಮವೂ ಇಲ್ಲಿಯೇ ಇದೆ. ಮಾಡುವ ಕೆಲಸ ಸಣ್ಣದೆಂದು ಎಣಿಸದೆ, ನೋಡುವವರಿಲ್ಲವೆಂದು ಸಡಿಲಬಿಡದೆ, ಪೂರ್ಣ ಮನಸ್ಸಿನಿಂದ ಮಾಡುವುದೇ ಕಾಯಕ. ಬಿರಡೆಯ ಮೇಲಿನ ಉಕ್ಕಿನ ಚೂರು ಎಳ್ಳುಕಾಳಿನಷ್ಟಿರಬಹುದು. ಅದನ್ನು ಒರೆಸಿ ಹಾಕುವುದೂ, ಎಲ್ಲಿಂದ ಬಂತೆಂದು ಕೊನೆಯವರೆಗೆ ವಿಚಾರಿಸುವುದೂ ಒಬ್ಬ ಕೆಲಸಗಾರನ ಕೈಯಲ್ಲಿದೆ. ಯಂತ್ರವು ಎಚ್ಚರಿಸಬಲ್ಲದು, ಎಚ್ಚೆತ್ತುಕೊಳ್ಳಬೇಕಾದವನು ಮನುಷ್ಯನೇ.